ಮಾರಿಸ್ ಲೂಯಿಸ್

ಮಾರಿಸ್ ಲೂಯಿಸ್ (1912-1962): ಅಮೆರಿಕದ ಅಮೂರ್ತ ಚಿತ್ರಕಾರ. ಬಣ್ಣದ ಹರವನ್ನೇ ಚಿತ್ರದ ವಸ್ತುವಾಗಿಸಿಕೊಂಡ ಕಲರ್ ಫೀಲ್ಡ್ ಪಂಥದ ಮುಖ್ಯ ಕಲಾವಿದರಲ್ಲೊಬ್ಬ. ತಳಲೇಪ ಹಚ್ಚದ ಬರಿ ಕ್ಯಾನ್‌ವಾಸಿನ ಮೇಲೆ ತೀರ ತೆಳುವಾಗಿಸಿದ ಆಕ್ರಿಲಿಕ್ ಬಣ್ಣವನ್ನು ಸುರಿದು, ಅದು ನೂಲಿನೊಳಗೆ ಇಳಿಯಲು ಬಿಟ್ಟು ಚಿತ್ರ ರಚಿಸಿದ. 1954ರಿಂದ 1962ರವರೆಗೆ ಈ ಕ್ರಮದಲ್ಲಿ ಆರುನೂರಕ್ಕೂ ಹೆಚ್ಚು ದೊಡ್ಡ ಚಿತ್ರಗಳನ್ನು ಮಾಡಿದ. ಅವುಗಳಲ್ಲಿ ಹೆಚ್ಚಿನವು ಬದುಕಿನ ಕೊನೆಯ ನಾಲ್ಕು ವರ್ಷಗಳಲ್ಲಿ, ವಾಷಿಂಗ್ಟನ್ನಿನ ಮನೆಯೊಂದರ ಊಟದ ಕೋಣೆಯಲ್ಲಿ ಹುಟ್ಟಿದವು. ಈತ ಚಿತ್ರ ಮಾಡುವುದನ್ನು ಹೆಂಡತಿಯೂ ಕಂಡಿರಲಿಲ್ಲ. ತನ್ನ ವಿಧಾನದ ಬಗ್ಗೆ ಲೇಖನವನ್ನಾಗಲಿ ಟಿಪ್ಪಣಿಯನ್ನಾಗಲಿ ಬಿಟ್ಟುಹೋಗಲಿಲ್ಲ. ಹಾಗಾಗಿ ಲೂಯಿಸನ ಕಲೆಯ ಕುರಿತು ಇಂದು ತಿಳಿದಿರುವುದರ ಬಹುಭಾಗವನ್ನು ಕ್ಯಾನ್‌ವಾಸುಗಳನ್ನೇ ಓದಿ ತಿಳಿಯಬೇಕಾಯಿತು.

ಎರಡನೆಯ ಮಹಾಯುದ್ಧದ ನಂತರ ನ್ಯೂಯಾರ್ಕಿನಲ್ಲಿ ಬೆಳೆದ ಅಮೂರ್ತ ಕಲೆಯಲ್ಲಿ ಎರಡು ದಾರಿಗಳು ಕಾಣುತ್ತವೆ. ಜಾಕ್ಸನ್ ಪೊಲಾಕ್, ವಿಲೆಮ್ ಡಿ ಕೂನಿಂಗ್ ಮೊದಲಾದವರಲ್ಲಿ ಕೈಯ ಬೀಸು, ಕುಂಚದ ರಭಸ, ಎರಚಿದ ಬಣ್ಣದ ವೇಗ ಮುಖ್ಯ. ಚಿತ್ರವನ್ನು ನೋಡಿದರೆ ಅದನ್ನು ಮಾಡಿದವನ ಮೈಯ ಚಲನೆ ಗೊತ್ತಾಗುತ್ತದೆ. ಮಾರ್ಕ್ ರಾತ್ಕೊ, ಬಾರ್ನೆಟ್ ನ್ಯೂಮನ್, ಕ್ಲಿಫರ್ಡ್ ಸ್ಟಿಲ್ ಇವರದು ಇನ್ನೊಂದು ದಾರಿ. ನೋಡುವವನನ್ನು ಆವರಿಸುವಷ್ಟು ದೊಡ್ಡದಾದ ಬಣ್ಣದ ಹರವುಗಳನ್ನು ಇವರು ಎದುರಿಗಿಟ್ಟರು. ಈ ಎರಡನೆಯ ದಾರಿಯನ್ನು ಆನಂತರ ಹೆಲೆನ್ ಫ್ರಾಂಕೆನ್‌ತೇಲರ್, ಲೂಯಿಸ್, ಕೆನೆತ್ ನೋಲಂಡ್, ಜೂಲ್ಸ್ ಒಲಿಟ್‌ಸ್ಕಿ ಮುಂದುವರಿಸಿದರು. ಪೊಲಾಕ್‌ನಂತೆ ಲೂಯಿಸ್ ಕೂಡ ಬಣ್ಣ ಸುರಿದ, ಆದರೆ ಪೊಲಾಕ್‌ನಲ್ಲಿದ್ದ ಕೈಯ ಗುರುತನ್ನು ಅಳಿಸಿಹಾಕಿದ. ಎರಡೂ ದಾರಿಗಳ ನಡುವೆ ಈತನ ಜಾಗ ಇರುವುದು ಅಲ್ಲಿ.

ಬಾಲ್ಟಿಮೋರ್ ಮತ್ತು ನ್ಯೂಯಾರ್ಕ್

ಹುಟ್ಟಿದ್ದು 1912ರ ನವೆಂಬರ್ 28ರಂದು, ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರಿನಲ್ಲಿ. ಪೂರ್ಣ ಹೆಸರು ಮಾರಿಸ್ ಲೂಯಿಸ್ ಬರ್ನ್‌ಸ್ಟೈನ್. ತಂದೆತಾಯಿ ರಷ್ಯಾದಿಂದ ವಲಸೆ ಬಂದ ಯಹೂದಿಗಳು. ನಾಲ್ವರು ಗಂಡುಮಕ್ಕಳಲ್ಲಿ ಈತ ಮೂರನೆಯವ. ಊರಿನ ಮೇರಿಲ್ಯಾಂಡ್ ಕಲಾಶಾಲೆಯಲ್ಲಿ ಕಲಿತ. ಆರ್ಥಿಕ ಮುಗ್ಗಟ್ಟಿನ ಆ ಕಾಲದಲ್ಲಿ ಸಿಕ್ಕಸಿಕ್ಕ ಕೆಲಸ ಮಾಡಿಕೊಂಡು ಬಣ್ಣ ಕೊಳ್ಳಬೇಕಿತ್ತು. 1934ರಲ್ಲಿ ಸರ್ಕಾರದ ನೆರವಿನ ಯೋಜನೆಯೊಂದರಡಿ ಬಾಲ್ಟಿಮೋರಿನ ಶಾಲೆಯೊಂದಕ್ಕೆ ಬರವಣಿಗೆಯ ಇತಿಹಾಸವನ್ನು ಹೇಳುವ ಭಿತ್ತಿಚಿತ್ರ ಬರೆಯುವಲ್ಲಿ ಕೈಜೋಡಿಸಿದ. ಮರುವರ್ಷ ಊರಿನ ಕಲಾವಿದರ ಸಂಘಕ್ಕೆ ಅಧ್ಯಕ್ಷನೂ ಆದ.

1936ರಲ್ಲಿ ನ್ಯೂಯಾರ್ಕಿಗೆ ಹೋದ. ಮೆಕ್ಸಿಕೋದ ಭಿತ್ತಿಚಿತ್ರಕಾರ ಡೇವಿಡ್ ಆಲ್ಫಾರೊ ಸಿಕೇರೊಸ್ ಅಲ್ಲಿ ಆ ವರ್ಷ ಒಂದು ಪ್ರಯೋಗಶಾಲೆಯನ್ನು ತೆರೆದಿದ್ದ. ಕಾರಿಗೆ ಬಳಿಯುವ ಕೈಗಾರಿಕಾ ಬಣ್ಣಗಳನ್ನು ತಂದು ಸುರಿಯುವುದು, ತೊಟ್ಟಿಕ್ಕಿಸುವುದು, ಸಿಂಪಡಿಸುವುದು ಅಲ್ಲಿ ನಡೆಯುತ್ತಿತ್ತು. ಲೂಯಿಸ್‌ನಂತೆ ಪೊಲಾಕ್ ಕೂಡ ಅಲ್ಲಿಗೆ ಹೋಗುತ್ತಿದ್ದ. ಈ ಪ್ರಯೋಗದ ಫಲ ಲೂಯಿಸ್‌ನಲ್ಲಿ ಕೂಡಲೇ ಕಾಣಲಿಲ್ಲ. ಆ ಕಾಲದ ಅವನ ಚಿತ್ರಗಳಲ್ಲಿರುವುದು ದುಡಿಯುವ ಜನ, ಬಡತನ, ನಗರದ ಮಬ್ಬು. ಆದರೆ ಬಣ್ಣವನ್ನು ಕುಂಚದಿಂದಲೇ ಹಚ್ಚಬೇಕೆಂಬ ಕಟ್ಟಳೆ ಇಲ್ಲ ಎಂಬುದನ್ನು ಇಪ್ಪತ್ತರ ಹರೆಯದಲ್ಲೇ ಕಣ್ಣಾರೆ ಕಂಡಿದ್ದ. ಬಣ್ಣ ತಯಾರಕ ಲೆನರ್ಡ್ ಬೊಕೂರ್‌ನ ಪರಿಚಯವಾದದ್ದೂ ಇದೇ ಕಾಲದಲ್ಲಿ. 1938ರಲ್ಲಿ ಬರ್ನ್‌ಸ್ಟೈನ್ ಎಂಬ ಕುಲನಾಮವನ್ನು ಕೈಬಿಟ್ಟ.

1940ರ ದಶಕದ ಆರಂಭದಲ್ಲಿ ಬಾಲ್ಟಿಮೋರಿಗೆ ಮರಳಿದ. 1947ರಲ್ಲಿ ಮಾರ್ಸೆಲಾ ಸೀಗಲ್‌ಳನ್ನು ಮದುವೆಯಾಗಿ ವಾಷಿಂಗ್ಟನ್ನಿನ ಹೊರವಲಯದ ಸಿಲ್ವರ್ ಸ್ಪ್ರಿಂಗ್‌ನಲ್ಲಿದ್ದ ಆಕೆಯ ಮನೆಯಲ್ಲಿ ನೆಲೆಸಿದ. ಮಾರ್ಸೆಲಾ ಶಿಕ್ಷಣ ಕ್ಷೇತ್ರದವಳು. ಆಕೆಯ ಸಂಬಳವೇ ಮನೆಗೆ ಮುಖ್ಯ ಆಧಾರವಾಗಿದ್ದರಿಂದ ಲೂಯಿಸನಿಗೆ ಹಗಲೆಲ್ಲ ಚಿತ್ರ ಮಾಡಲು ಬಿಡುವು ಸಿಕ್ಕಿತು. ಲೂಯಿಸನ ಕುರಿತ ಬರಹಗಳಲ್ಲಿ ಈ ಸಂಗತಿಗೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ. ಆತ ತೀರಿಕೊಂಡ ಮೇಲೆ ಚಿತ್ರಗಳನ್ನು ಕಾಪಾಡಿದವಳೂ ಆಕೆಯೇ. ಮುಂದೆ ಮಾರ್ಸೆಲಾ ಬ್ರೆನರ್ ಎಂಬ ಹೆಸರಿನಲ್ಲಿ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಸಂಗ್ರಹಾಲಯ ಶಿಕ್ಷಣದ ವಿಭಾಗವನ್ನು ಕಟ್ಟಿದಳು.

1951ರ 'ಚಾರ್ಡ್ ಜರ್ನಲ್' ಸರಣಿ ಈ ಅವಧಿಯ ಗಮನಾರ್ಹ ಕೆಲಸ. ಕಪ್ಪು ನೆಲದ ಮೇಲೆ ಅಕ್ಷರವೋ ಹೊಗೆಯೋ ಎನಿಸುವ ಬಿಳಿ ಗೆರೆಗಳು ಸುತ್ತಿಕೊಳ್ಳುತ್ತವೆ. ನಾತ್ಸಿಗಳು ಪುಸ್ತಕಗಳನ್ನು ಸುಟ್ಟ ನೆನಪು ಇದರ ಹಿಂದಿದೆ. ಲೂಯಿಸನ ಪ್ರೌಢ ಚಿತ್ರಗಳಲ್ಲಿ ಇಂಥ ಹೊರಗಿನ ಉಲ್ಲೇಖ ಮತ್ತೆ ಬರಲಿಲ್ಲ.

1953ರ ಏಪ್ರಿಲ್

1952ರಲ್ಲಿ ಲೂಯಿಸ್ ದಂಪತಿ ವಾಷಿಂಗ್ಟನ್ ನಗರದ ಲೆಗೇಷನ್ ಬೀದಿಯ ಮನೆಗೆ ಬಂದರು. ಅದೇ ವರ್ಷ ಲೂಯಿಸ್ ಊರಿನ ವರ್ಕ್‌ಷಾಪ್ ಸೆಂಟರ್ ಆಫ್ ದಿ ಆರ್ಟ್ಸ್‌ನಲ್ಲಿ ಪಾಠ ಹೇಳತೊಡಗಿದ. ಅಲ್ಲಿ ಸಿಕ್ಕವನು ತನಗಿಂತ ಹನ್ನೆರಡು ವರ್ಷ ಚಿಕ್ಕವನಾದ ಕೆನೆತ್ ನೋಲಂಡ್. ನೋಲಂಡ್‌ಗೆ ನ್ಯೂಯಾರ್ಕಿನ ವಿಮರ್ಶಕ ಕ್ಲೆಮೆಂಟ್ ಗ್ರೀನ್‌ಬರ್ಗ್‌ನ ಸ್ನೇಹವಿತ್ತು. 1953ರ ಏಪ್ರಿಲ್ ಮೊದಲ ವಾರದಲ್ಲಿ ಇಬ್ಬರೂ ನ್ಯೂಯಾರ್ಕಿಗೆ ಹೋದಾಗ ಗ್ರೀನ್‌ಬರ್ಗ್ ಅವರನ್ನು ಹೆಲೆನ್ ಫ್ರಾಂಕೆನ್‌ತೇಲರ್‌ಳ ಸ್ಟುಡಿಯೋಗೆ ಕರೆದುಕೊಂಡು ಹೋದ. ಅಲ್ಲಿ ಅವರು 'ಮೌಂಟನ್ಸ್ ಅಂಡ್ ಸೀ' ಎಂಬ ಚಿತ್ರ ನೋಡಿದರು. ಹಿಂದಿನ ವರ್ಷದ ಅಕ್ಟೋಬರಿನಲ್ಲಿ, ಇಪ್ಪತ್ತಮೂರರ ವಯಸ್ಸಿನಲ್ಲಿ, ಆಕೆ ಅದನ್ನು ಮುಗಿಸಿದ್ದಳು. ಟರ್ಪೆಂಟೈನಿನಲ್ಲಿ ತೆಳುವಾಗಿಸಿದ ತೈಲವರ್ಣವನ್ನು ನೆಲಕ್ಕೆ ಹಾಸಿದ ಬರಿ ಕ್ಯಾನ್‌ವಾಸಿಗೆ ಸುರಿದಿದ್ದಳು. ಬಣ್ಣ ಮೇಲೆ ಕೂತಿರಲಿಲ್ಲ, ಹತ್ತಿಬಟ್ಟೆಗೆ ಅರಿಶಿನ ಹಿಡಿದಂತೆ ಒಳಗಿಳಿದಿತ್ತು.

ವಾಷಿಂಗ್ಟನ್ನಿಗೆ ಮರಳಿದ ಇಬ್ಬರೂ ಕೆಲವು ವಾರ ಒಂದೇ ಕ್ಯಾನ್‌ವಾಸಿನ ಮೇಲೆ ಜೊತೆಯಾಗಿ ಕೆಲಸ ಮಾಡಿದರು. ತಮ್ಮ ಹಳೆಯ ಅಭ್ಯಾಸಗಳನ್ನು ಮುರಿದುಕೊಳ್ಳುವುದು ಅವರ ಉದ್ದೇಶವಾಗಿತ್ತು.

ಫ್ರಾಂಕೆನ್‌ತೇಲರ್‌ಳ ಋಣ ದೊಡ್ಡದು. ಲೂಯಿಸ್ ಕೂಡ ಅದನ್ನು ಮರೆಮಾಡಲಿಲ್ಲ. ಆದರೂ ಇಬ್ಬರ ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ಅಂತರ ತಿಳಿಯುತ್ತದೆ. 'ಮೌಂಟನ್ಸ್ ಅಂಡ್ ಸೀ'ಯಲ್ಲಿ ಇದ್ದಿಲಿನ ಗೆರೆಗಳಿವೆ, ನೋವಾಸ್ಕೋಷಿಯಾದಲ್ಲಿ ಆಕೆ ಕಂಡ ಕಡಲತೀರದ ನೆನಪಿದೆ, ಕೈ ಅಲ್ಲಲ್ಲಿ ಓಡಾಡಿದ್ದು ಕಾಣುತ್ತದೆ. ಲೂಯಿಸ್ ಗೆರೆಯನ್ನೂ ನೆನಪನ್ನೂ ಕೈಯ ಓಡಾಟವನ್ನೂ ಬಿಟ್ಟುಬಿಟ್ಟ. ಬಣ್ಣವನ್ನು ಬಟ್ಟೆಯೊಳಗೆ ಇಳಿಸುವ ಕ್ರಮವನ್ನು ಆಕೆ ಹಲವು ಸಾಧ್ಯತೆಗಳಲ್ಲಿ ಒಂದಾಗಿ ಬಳಸಿಕೊಂಡಳು; ಈತನಿಗೆ ಅದೇ ಚಿತ್ರದ ಏಕೈಕ ನಿಯಮವಾಯಿತು.

ಬಣ್ಣ, ಬಟ್ಟೆ, ಕೋಣೆ

ಈ ನಿಯಮ ಸಾಧ್ಯವಾದದ್ದು ಮ್ಯಾಗ್ನಾ ಎಂಬ ಬಣ್ಣದಿಂದ. ಲೆನರ್ಡ್ ಬೊಕೂರ್ ಮತ್ತು ಸ್ಯಾಮ್ ಗೋಲ್ಡನ್ 1940ರ ದಶಕದ ಕೊನೆಯಲ್ಲಿ ಇದನ್ನು ತಯಾರಿಸಿದರು. ಕಲಾವಿದರಿಗೆಂದೇ ಬಂದ ಮೊದಲ ಆಕ್ರಿಲಿಕ್ ಬಣ್ಣಗಳಲ್ಲಿ ಇದೊಂದು. ಇಂದಿನ ಆಕ್ರಿಲಿಕ್‌ಗಳು ನೀರಿನಲ್ಲಿ ಬೆರೆಯುತ್ತವೆ. ಮ್ಯಾಗ್ನಾ ಟರ್ಪೆಂಟೈನಿನಲ್ಲಿ ಕರಗುತ್ತಿತ್ತು. ಎಷ್ಟು ತೆಳುವಾಗಿಸಿದರೂ ಅದರ ಬಣ್ಣದ ಕಸುವು ಕುಂದುತ್ತಿರಲಿಲ್ಲ. ತಳಲೇಪವಿಲ್ಲದ ಬಟ್ಟೆಗೆ ತೈಲವರ್ಣ ಸುರಿದರೆ ಎಣ್ಣೆ ಸುತ್ತ ಹರಡಿ ಜಿಡ್ಡಿನ ಅಂಚು ಮೂಡುತ್ತದೆ, ಕಾಲ ಕಳೆದಂತೆ ನೂಲೂ ದುರ್ಬಲವಾಗುತ್ತದೆ. ಮ್ಯಾಗ್ನಾದಲ್ಲಿ ಈ ತೊಂದರೆಗಳಿರಲಿಲ್ಲ. ಒಂದು ಪದರದ ಮೇಲೆ ಇನ್ನೊಂದನ್ನು ಹರಿಸಿದಾಗ ಮೇಲಿನ ಪದರದ ದ್ರಾವಕ ಕೆಳಗಿನದನ್ನು ಸ್ವಲ್ಪ ಕರಗಿಸಿ ಎರಡೂ ಒಂದರೊಳಗೊಂದು ಬೆರೆಯುತ್ತಿದ್ದವು. ಲೂಯಿಸನ ಎಷ್ಟೋ ಚಿತ್ರಗಳಲ್ಲಿ ಎಲ್ಲಿ ಒಂದು ಬಣ್ಣ ಮುಗಿದು ಇನ್ನೊಂದು ಶುರುವಾಯಿತೆಂದು ಹೇಳಲು ಆಗದಿರುವುದಕ್ಕೆ ಈ ರಸಾಯನಶಾಸ್ತ್ರವೂ ಒಂದು ಕಾರಣ. 1948ರಿಂದಲೇ ಆತ ಮ್ಯಾಗ್ನಾ ಬಳಸುತ್ತಿದ್ದ. 1960ರಲ್ಲಿ ಬೊಕೂರ್ ಈತನ ಅಗತ್ಯಕ್ಕೆ ಹೊಂದುವಂತೆ ಅದರ ಪಾಕವನ್ನೇ ಬದಲಿಸಿಕೊಟ್ಟ.

ಲೂಯಿಸ್ ಕೆಲಸ ಮಾಡುತ್ತಿದ್ದ ಊಟದ ಕೋಣೆಯ ಅಳತೆ 12 ಅಡಿ, 14 ಅಡಿ. 1960ರ 'ಆಲ್ಫಾ-ಪೈ' ಚಿತ್ರದ ಅಗಲ ಸುಮಾರು ನಾಲ್ಕೂವರೆ ಮೀಟರ್, ಅಂದರೆ ಕೋಣೆಯ ಉದ್ದನೆಯ ಗೋಡೆಗಿಂತ ಹೆಚ್ಚು. ಕೆಲವು ಚಿತ್ರಗಳ ಅಗಲ ಆರು ಮೀಟರಿನ ಹತ್ತಿರಕ್ಕೂ ಹೋಗಿದೆ. ಎಂದರೆ ಕ್ಯಾನ್‌ವಾಸನ್ನು ಸುತ್ತಿಯೋ ಮಡಿಸಿಯೋ ಇಟ್ಟುಕೊಂಡು, ಒಂದೊಂದೇ ಭಾಗವನ್ನು ಬಿಚ್ಚಿ ಬಣ್ಣ ಹರಿಸಿರಬೇಕು. ಪೂರ್ತಿ ಚಿತ್ರವನ್ನು ಆ ಕೋಣೆಯಲ್ಲಿ ಒಮ್ಮೆಗೇ ನೋಡುವುದು ಸಾಧ್ಯವೇ ಇರಲಿಲ್ಲ. ಸಂಜೆ ಮಾರ್ಸೆಲಾ ಮನೆಗೆ ಬರುವ ಹೊತ್ತಿಗೆ ಬಣ್ಣದ ಡಬ್ಬಿಗಳು ಒಳಗೆ ಸೇರಿ, ಕೋಣೆ ಮೊದಲಿನಂತೆ ಅಚ್ಚುಕಟ್ಟಾಗಿರುತ್ತಿತ್ತು.

ಬಣ್ಣ ಹೇಗೆ ಹರಿಯಿತು ಎಂಬುದನ್ನು ಸಂಗ್ರಹಾಲಯಗಳ ಸಂರಕ್ಷಕರು ಮತ್ತು ಕಲಾ ಇತಿಹಾಸಕಾರರು ಊಹಿಸಿ ಕಟ್ಟಿದ್ದಾರೆ. ಅವರ ಪ್ರಕಾರ, ಲೂಯಿಸ್ ಮರದ ಚೌಕಟ್ಟಿಗೆ ಬಟ್ಟೆಯನ್ನು ಸಡಿಲವಾಗಿ ಮೊಳೆ ಹೊಡೆದು, ಚೌಕಟ್ಟನ್ನು ಗೋಡೆಗೆ ಒರಗಿಸಿ, ಮೇಲಿನಿಂದ ಬಣ್ಣ ಬಿಡುತ್ತಿದ್ದ. ಬಟ್ಟೆ ಬಿಗಿಯಾಗಿಲ್ಲದ್ದರಿಂದ ನಡುವೆ ನೆರಿಗೆ, ಕಾಲುವೆಗಳಾಗುತ್ತಿದ್ದವು. ಬಣ್ಣ ಅವುಗಳ ಗುಂಟ ಇಳಿಯುತ್ತಿತ್ತು. ಚೌಕಟ್ಟನ್ನು ಓರೆ ಮಾಡಿದರೆ ಹರಿವಿನ ದಿಕ್ಕೂ ಬದಲಾಗುತ್ತಿತ್ತು. ಕೋಲಿಗೆ ಬಟ್ಟೆ ಸುತ್ತಿ ಅಲ್ಲಲ್ಲಿ ಬಣ್ಣವನ್ನು ಸರಿಸಿರಬಹುದೆಂಬ ಅಭಿಪ್ರಾಯವೂ ಇದೆ. ಇದರಲ್ಲಿ ಆಕಸ್ಮಿಕಕ್ಕೆ ಜಾಗ ಇತ್ತೆನ್ನುವುದು ನಿಜ, ಆದರೆ ಆಕಸ್ಮಿಕವೇ ಎಲ್ಲ ಆಗಿದ್ದರೆ ಒಂದೇ ಬಗೆಯ ನೂರಾರು ಚಿತ್ರಗಳು ಇಷ್ಟು ನಿಖರವಾಗಿ ಬರುತ್ತಿರಲಿಲ್ಲ. ಬಣ್ಣದ ಸಾಂದ್ರತೆ, ಬಟ್ಟೆಯ ಹೀರುವ ಗುಣ, ಇಳಿಜಾರು, ಒಣಗುವ ವೇಳೆ ಇವೆಲ್ಲದರ ಲೆಕ್ಕ ಈತನಿಗೆ ಕರಗತವಾಗಿತ್ತು. ಬರಿ ಬಟ್ಟೆಗೆ ಇಳಿದ ಬಣ್ಣವನ್ನು ಕೆರೆದು ತೆಗೆಯಲು ಬರುವುದಿಲ್ಲ, ಮೇಲೆ ಬಳಿದು ಮುಚ್ಚಲೂ ಆಗುವುದಿಲ್ಲ. ಪ್ರತಿ ಸುರಿತವೂ ಕೊನೆಯ ನಿರ್ಧಾರ.

ಸರಣಿಗಳು

ಪ್ರೌಢ ಕಾಲದ ಚಿತ್ರಗಳನ್ನು ಸಾಮಾನ್ಯವಾಗಿ ವೇಲ್ (ಮುಸುಕು), ಫ್ಲೋರಲ್ (ಹೂವಿನಂಥದು), ಅನ್‌ಫರ್ಲ್ಡ್ (ಬಿಚ್ಚಿ ಹರಡಿದ್ದು), ಸ್ಟ್ರೈಪ್ (ಪಟ್ಟೆ) ಎಂಬ ಸರಣಿಗಳಾಗಿ ವಿಂಗಡಿಸುತ್ತಾರೆ; ನಡುವೆ ಸಣ್ಣಪುಟ್ಟ ಕವಲುಗಳೂ ಇವೆ.

ವೇಲ್ ಸರಣಿಯ ಮೊದಲ ಚಿತ್ರಗಳು 1954ರಲ್ಲಿ ಬಂದವು. ಪಾರದರ್ಶಕ ಬಣ್ಣಗಳು ಒಂದರ ಮೇಲೊಂದು ಹರಿದು, ಕ್ಯಾನ್‌ವಾಸಿನ ಬಹುಭಾಗವನ್ನು ತುಂಬುವ ಒಂದೇ ಆಕಾರವಾಗಿ ನಿಲ್ಲುತ್ತವೆ. ಗ್ರೀನ್‌ಬರ್ಗ್ ಇವನ್ನು ಬಹುವಾಗಿ ಮೆಚ್ಚಿದ. ಆದರೆ ಲೂಯಿಸ್ ಅಲ್ಲಿ ನಿಲ್ಲದೆ ಮತ್ತೆ ಕುಂಚದ ರಭಸದ ಕಡೆಗೆ ಹೊರಳಿದ. 1957ರಲ್ಲಿ ನ್ಯೂಯಾರ್ಕಿನ ಮಾರ್ತಾ ಜಾಕ್ಸನ್ ಗ್ಯಾಲರಿಯಲ್ಲಿ ನಡೆದ ಅವನ ಏಕವ್ಯಕ್ತಿ ಪ್ರದರ್ಶನದಲ್ಲಿದ್ದದ್ದು ಈ ಬಗೆಯ ಚಿತ್ರಗಳು. ಬಳಿಕ 1955ರಿಂದ 1957ರವರೆಗಿನ ಕೆಲಸದಲ್ಲಿ ತನ್ನ ಬಳಿ ಇದ್ದದ್ದನ್ನೆಲ್ಲ ನಾಶಮಾಡಿದ. ನಲವತ್ತೈದರ ವಯಸ್ಸಿನಲ್ಲಿ, ಹೆಸರೂ ಹಣವೂ ಇನ್ನೂ ಬಾರದಿದ್ದಾಗ, ಎರಡು ಮೂರು ವರ್ಷಗಳ ದುಡಿಮೆಯನ್ನು ಅಳಿಸಿಹಾಕಿ ಹಿಂದೆ ಬಿಟ್ಟುಬಂದ ಜಾಗಕ್ಕೆ ಮರಳುವುದು ಸಣ್ಣ ಮಾತಲ್ಲ.

1958-59ರ ಎರಡನೆಯ ವೇಲ್ ಸರಣಿ ಆ ಮರಳುವಿಕೆಯ ಫಲ. ಹಸಿರು, ಕಿತ್ತಳೆ, ನೀಲಿ, ಹಳದಿಗಳನ್ನು ಮೊದಲು ಹರಿಸಿ, ಕೊನೆಗೆ ಅವೆಲ್ಲದರ ಮೇಲೆ ತೆಳುವಾದ ಕಪ್ಪನ್ನೋ ಕಂದನ್ನೋ ಹರಿಸಿದ್ದಾನೆ. ಹೀಗೆ ಮುಚ್ಚಿಹೋದ ಬಣ್ಣಗಳೆಲ್ಲ ಸೇರಿ ಕಂಚಿನ ಛಾಯೆಯ ದೊಡ್ಡ ರಾಶಿಯಾಗುತ್ತವೆ. ಅಂಚಿನಲ್ಲಿ ಮಾತ್ರ, ಕಪ್ಪು ತಲುಪದ ಕಡೆ, ಮೂಲ ಬಣ್ಣಗಳು ನಾಲಗೆ ಚಾಚಿದಂತೆ ಹೊರಗೆ ಕಾಣುತ್ತವೆ. ನೋಡುವವನು ಆ ಅಂಚಿನಿಂದ ಒಳಗೆ ಹೋಗಿ, ಮಸುಕಿನ ಹಿಂದೆ ಏನಿದೆಯೆಂದು ಹುಡುಕತೊಡಗುತ್ತಾನೆ. ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದ 'ಟೆಟ್', ಆಧುನಿಕ ಕಲಾ ಸಂಗ್ರಹಾಲಯದ 'ರಸೆಟ್', ಗುಗೆನ್‌ಹೈಮ್‌ನ 'ಸರಬಾಂಡ್' ಈ ಸರಣಿಯ ಹೆಸರಾಂತ ಚಿತ್ರಗಳು. 1959ರಲ್ಲಿ ಫ್ರೆಂಚ್ ಅಂಡ್ ಕಂಪನಿಯ ಗ್ಯಾಲರಿಯಲ್ಲಿ ವೇಲ್‌ಗಳ ಪ್ರದರ್ಶನ ನಡೆಯಿತು; ಲೂಯಿಸನ ಖ್ಯಾತಿ ಶುರುವಾದದ್ದು ಅಲ್ಲಿಂದ.

ಫ್ಲೋರಲ್‌ಗಳಲ್ಲಿ ಬಣ್ಣಗಳು ನಡುವಿನಿಂದ ಹೊರಕ್ಕೆ ದಳಗಳಾಗಿ ಹರಡುತ್ತವೆ. ವಾಷಿಂಗ್ಟನ್ನಿನ ಹರ್ಷ್‌ಹಾರ್ನ್ ಸಂಗ್ರಹಾಲಯದ 'ಪಾಯಿಂಟ್ ಆಫ್ ಟ್ರಾಂಕ್ವಿಲಿಟಿ' ಇವುಗಳಲ್ಲಿ ಉತ್ತಮವಾದುದು. ಒಟ್ಟಿನಲ್ಲಿ ಈ ಸರಣಿ ಉಳಿದವುಗಳಷ್ಟು ಗಟ್ಟಿಯಲ್ಲ. ಹೂವಿನ ಹೋಲಿಕೆ ತಂತಾನೇ ಮೂಡಿಬಿಡುವುದರಿಂದ ಕಣ್ಣು ಬೇಗ ತೃಪ್ತವಾಗಿಬಿಡುತ್ತದೆ.

ಅನ್‌ಫರ್ಲ್ಡ್ ಸರಣಿ ಲೂಯಿಸನ ಅತಿದೊಡ್ಡ ಸಾಧನೆ. ಸ್ವತಃ ಲೂಯಿಸನೂ ಇವನ್ನು ತನ್ನ ಅತ್ಯಂತ ಮಹತ್ವಾಕಾಂಕ್ಷೆಯ ಕೆಲಸವೆಂದು ಭಾವಿಸಿದ್ದ. 1960ರ ಬೇಸಿಗೆಯಿಂದ 1961ರ ಆರಂಭದವರೆಗಿನ ಕೆಲವೇ ತಿಂಗಳಲ್ಲಿ ಸುಮಾರು 150 ಚಿತ್ರಗಳು ಬಂದವು. ಎಡಬಲದ ಅಂಚುಗಳಿಂದ ದಟ್ಟ ಬಣ್ಣದ ಸಣ್ಣ ಸಣ್ಣ ಧಾರೆಗಳು ಓರೆಯಾಗಿ ಕೆಳಗೆ, ನಡುವಿನ ಕಡೆಗೆ ಇಳಿಯುತ್ತವೆ. ಧಾರೆಗಳು ಒಂದನ್ನೊಂದು ಮುಟ್ಟುವುದಿಲ್ಲ, ಅಥವಾ ಮುಟ್ಟಿಯೂ ಮುಟ್ಟದಂತಿರುತ್ತವೆ. ನಡುವೆ ಏನೂ ಇಲ್ಲ: ಬರಿ ಬಟ್ಟೆ.

ಆ ಖಾಲಿಯೇ ಈ ಚಿತ್ರಗಳ ಎದೆಗಾರಿಕೆ. ಪಾಶ್ಚಾತ್ಯ ಚಿತ್ರಕಲೆಯಲ್ಲಿ ನಡುವಿನ ಜಾಗಕ್ಕೆ ಶತಮಾನಗಳಿಂದ ಪ್ರಾಶಸ್ತ್ಯವಿತ್ತು. ಯಾವುದೇ ಮುಖ್ಯ ಸಂಗತಿ ನಡೆಯುತ್ತಿದ್ದದ್ದು ಅಲ್ಲಿ. ಲೂಯಿಸ್ ಅದನ್ನು ಬರಿದು ಮಾಡಿ ಬಣ್ಣವನ್ನೆಲ್ಲ ಅಂಚಿಗೆ ಸರಿಸಿದ. ಚಿತ್ರದ ಎದುರು ನಿಂತವನ ನೋಟ ಬಣ್ಣ ಹುಡುಕುತ್ತ ಎಡಕ್ಕೂ ಬಲಕ್ಕೂ ಹೋಗುತ್ತದೆ. ಎರಡನ್ನೂ ಒಮ್ಮೆಲೇ ಹಿಡಿಯಲಾಗುವುದಿಲ್ಲ. ಹಿಂದೆ ಸರಿದು ಎರಡೂ ದಡಗಳನ್ನು ಒಟ್ಟಿಗೆ ಕಂಡಾಗ ನಡುವಿನ ಬಿಳುಪು ಬರಿ ಬಟ್ಟೆಯಾಗಿ ಉಳಿಯುವುದಿಲ್ಲ, ಬೆಳಕಾಗಿ ಮುಂದೆ ಬರುತ್ತದೆ. ಕಲಾ ಇತಿಹಾಸಕಾರ ಮೈಕೆಲ್ ಫ್ರೀಡ್ ಈ ಖಾಲಿಯನ್ನು ಕುರಿತೇ ವಿಸ್ತಾರವಾಗಿ ಬರೆದ. ಲೂಯಿಸನ ಮೇಲಿನ ಅವನ ಪುಸ್ತಕ 1970ರ ಸುಮಾರಿಗೆ ಬಂತು. ಮೆಟ್ರೊಪಾಲಿಟನ್ ಸಂಗ್ರಹಾಲಯದ 'ಆಲ್ಫಾ-ಪೈ', ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯ 'ಬೀಟಾ ಕಪ್ಪಾ', ಲಂಡನ್ನಿನ ಟೇಟ್‌ನ 'ಆಲ್ಫಾ-ಫೈ' ಈ ಸರಣಿಗೆ ಸೇರಿದವು. ಲೂಯಿಸ್ ಬದುಕಿರುವಾಗ ಸಾರ್ವಜನಿಕರು ಕಂಡದ್ದು ಇವುಗಳಲ್ಲಿ ಬೆರಳೆಣಿಕೆಯಷ್ಟನ್ನು ಮಾತ್ರ. ಉಳಿದವು ಸುರುಳಿಯಾಗಿ ಸುತ್ತಿದಂತೆಯೇ ಇದ್ದವು.

1961-62ರ ಸ್ಟ್ರೈಪ್ ಚಿತ್ರಗಳಲ್ಲಿ ಧಾರೆಗಳೆಲ್ಲ ಒಂದೆಡೆ ಸೇರಿ ನೇರವಾದ ಪಟ್ಟೆಗಳ ಕಟ್ಟಾಗಿ ನಿಲ್ಲುತ್ತವೆ. ಹೆಚ್ಚಿನವು ಕಿರಿದಗಲದ ಎತ್ತರದ ಕ್ಯಾನ್‌ವಾಸುಗಳು. ಪಟ್ಟೆ ಪಟ್ಟೆಯ ನಡುವೆ ಕೂದಲೆಳೆಯಷ್ಟು ಬಿಳುಪು ಉಳಿದ ಕಡೆ ಬಣ್ಣಗಳು ಮಿಡಿಯುತ್ತವೆ, ಒಂದರ ಮೇಲೊಂದು ಹತ್ತಿದ ಕಡೆ ಮೂರನೆಯ ಬಣ್ಣವೊಂದು ಹುಟ್ಟುತ್ತದೆ. ವೇಲ್‌ಗಳಲ್ಲಿ ಬಣ್ಣವನ್ನು ಮುಚ್ಚಿದವನು ಇಲ್ಲಿ ಪ್ರತಿಯೊಂದನ್ನೂ ಅದರ ಪೂರ್ಣ ಬಲದಲ್ಲಿ ತೆರೆದಿಟ್ಟ. ಆಧುನಿಕ ಕಲಾ ಸಂಗ್ರಹಾಲಯದ 'ಥರ್ಡ್ ಎಲಿಮೆಂಟ್' ಇದಕ್ಕೆ ಮಾದರಿ.

ಸಾವು ಮತ್ತು ಆನಂತರ

1960ರಲ್ಲಿ ಗ್ರೀನ್‌ಬರ್ಗ್ ಲೂಯಿಸ್ ಮತ್ತು ನೋಲಂಡ್ ಇಬ್ಬರ ಮೇಲೂ ಒಂದು ಲೇಖನ ಪ್ರಕಟಿಸಿದ. ಲಂಡನ್, ಮಿಲಾನ್, ಪ್ಯಾರಿಸ್‌ಗಳಲ್ಲಿ ಪ್ರದರ್ಶನಗಳಾದವು. ನ್ಯೂಯಾರ್ಕಿನಲ್ಲಿ ಆಂಡ್ರೆ ಎಮರಿಕ್ ಗ್ಯಾಲರಿ ಚಿತ್ರಗಳನ್ನು ಮಾರತೊಡಗಿತು. ಹೆಸರು ಬಂದರೂ ಲೂಯಿಸ್ ನ್ಯೂಯಾರ್ಕಿಗೆ ಹೋಗಿ ನೆಲೆಸಲಿಲ್ಲ. 1962ರ ಬೇಸಿಗೆಯಲ್ಲಿ ಶ್ವಾಸಕೋಶದ ಕ್ಯಾನ್ಸರ್ ಪತ್ತೆಯಾಯಿತು. ಶಸ್ತ್ರಚಿಕಿತ್ಸೆಯ ನಂತರ ಮತ್ತೆ ಚಿತ್ರ ಮಾಡಲಾಗಲಿಲ್ಲ. ಸೆಪ್ಟೆಂಬರ್ 7ರಂದು ವಾಷಿಂಗ್ಟನ್ನಿನ ಮನೆಯಲ್ಲಿ ತೀರಿಕೊಂಡ. ಮುಚ್ಚಿದ ಸಣ್ಣ ಕೋಣೆಯಲ್ಲಿ ವರ್ಷಗಟ್ಟಲೆ ಸೇವಿಸಿದ ದ್ರಾವಕದ ಆವಿಯೇ ರೋಗಕ್ಕೆ ಕಾರಣವೆಂದು ಅನೇಕರು ಬರೆದಿದ್ದಾರೆ.

ಮರುವರ್ಷ ಗುಗೆನ್‌ಹೈಮ್‌ನಲ್ಲಿ ಸ್ಮರಣ ಪ್ರದರ್ಶನ ನಡೆಯಿತು. 1964ರ ವೆನಿಸ್ ಬಿಯನಾಲೆಯಲ್ಲಿ ಅಮೆರಿಕದ ಪರವಾಗಿ ನೋಲಂಡ್, ರಾಬರ್ಟ್ ರಾಷೆನ್‌ಬರ್ಗ್, ಜಾಸ್ಪರ್ ಜಾನ್ಸ್ ಜೊತೆಗೆ ಲೂಯಿಸನ ಚಿತ್ರಗಳೂ ಇದ್ದವು. 1965ರಲ್ಲಿ ವಾಷಿಂಗ್ಟನ್ನಿನ ಆಧುನಿಕ ಕಲಾ ಗ್ಯಾಲರಿ ಲೂಯಿಸ್, ನೋಲಂಡ್, ಜೀನ್ ಡೇವಿಸ್, ಥಾಮಸ್ ಡೌನಿಂಗ್, ಹೊವರ್ಡ್ ಮೆಹ್ರಿಂಗ್, ಪಾಲ್ ರೀಡ್ ಈ ಆರು ಮಂದಿಯ ಪ್ರದರ್ಶನ ಏರ್ಪಡಿಸಿತು. ವಾಷಿಂಗ್ಟನ್ ಕಲರ್ ಸ್ಕೂಲ್ ಎಂಬ ಹೆಸರು ಬಳಕೆಗೆ ಬಂದದ್ದು ಅದರಿಂದ. ಕಲರ್ ಫೀಲ್ಡ್ ಕಲೆಯ ಪರಿಚಯ ಭಾರತಕ್ಕೂ ಬೇಗನೆ ಆಯಿತು: 1967ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಎರಡು ದಶಕಗಳ ಅಮೆರಿಕನ್ ಚಿತ್ರಕಲೆಯ ಪ್ರದರ್ಶನವನ್ನು ದೆಹಲಿಗೆ ತಂದಾಗ ಗ್ರೀನ್‌ಬರ್ಗ್ ಕೂಡ ಬಂದಿದ್ದ.

1970ರ ದಶಕದಲ್ಲಿ ಚಿತ್ರಕಲೆ ಸಮತಲ, ಬಣ್ಣಗಳಂಥ ತನ್ನ ಮಾಧ್ಯಮದ ಗುಣಗಳಿಗೇ ಸೀಮಿತವಾಗಬೇಕೆಂಬ ಗ್ರೀನ್‌ಬರ್ಗ್‌ನ ವಿಚಾರಗಳ ಪ್ರಭಾವ ಇಳಿದಂತೆ ಲೂಯಿಸನ ಹೆಸರೂ ಮಂಕಾಯಿತು. ವಿಮರ್ಶಕನ ಸಿದ್ಧಾಂತಕ್ಕೆ ಉದಾಹರಣೆ ಒದಗಿಸಿದವನೆಂಬಂತೆ ಆತನನ್ನು ಕಂಡದ್ದು ಅನ್ಯಾಯ. 1953ರಿಂದ 1962ರವರೆಗಿನ ಚಿತ್ರಗಳಲ್ಲಿ ಕಾಣುವ ತಿರುವುಗಳಲ್ಲಿ ಹಲವು, 1955ರ ಹೊರಳುವಿಕೆಯೂ ಸೇರಿ, ಗ್ರೀನ್‌ಬರ್ಗ್‌ನ ನಿರೀಕ್ಷೆಯನ್ನು ಮೀರಿಯೇ ಬಂದವು. 1985ರಲ್ಲಿ ಡಯೇನ್ ಅಪ್‌ರೈಟ್ ಸಿದ್ಧಪಡಿಸಿದ ಸಮಗ್ರ ಚಿತ್ರಸೂಚಿ, 1986ರಲ್ಲಿ ಜಾನ್ ಎಲ್ಡರ್‌ಫೀಲ್ಡ್ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಸಂಯೋಜಿಸಿದ ಪ್ರದರ್ಶನ ಇವುಗಳಿಂದ ಚಿತ್ರಗಳನ್ನು ಮತ್ತೆ ಹತ್ತಿರದಿಂದ ನೋಡುವ ಕೆಲಸ ಆರಂಭವಾಯಿತು. 2006-07ರಲ್ಲಿ ಅಟ್ಲಾಂಟಾದ ಹೈ ಸಂಗ್ರಹಾಲಯ ರೂಪಿಸಿದ ಪ್ರದರ್ಶನ ವಾಷಿಂಗ್ಟನ್ನಿಗೂ ಬಂದಿತ್ತು.

ಲೂಯಿಸ್ ಬಿಟ್ಟುಹೋದ ಸುರುಳಿಗಳು ಬಗೆಹರಿಯದ ಪ್ರಶ್ನೆಗಳನ್ನೂ ಹೊತ್ತು ತಂದವು. ಹೆಚ್ಚಿನವಕ್ಕೆ ಹೆಸರಿರಲಿಲ್ಲ, ವೇಲ್‌ಗಳಿಗೆ ಹೀಬ್ರೂ ಅಕ್ಷರಗಳನ್ನೂ ಅನ್‌ಫರ್ಲ್ಡ್‌ಗಳಿಗೆ ಗ್ರೀಕ್ ಅಕ್ಷರಗಳನ್ನೂ ಹೆಸರಾಗಿ ಕೊಟ್ಟದ್ದು ಆತ ತೀರಿದ ಮೇಲೆ. ಕ್ಯಾನ್‌ವಾಸನ್ನು ಚೌಕಟ್ಟಿಗೆ ಬಿಗಿಯುವಾಗ ಸುತ್ತ ಎಷ್ಟು ಬರಿ ಬಟ್ಟೆ ಉಳಿಸಬೇಕು ಎಂಬುದು ಇಂಥ ಚಿತ್ರಕ್ಕೆ ಸಣ್ಣ ವಿಷಯವಲ್ಲ. ನಾಲ್ಕು ಬೆರಳು ಹೆಚ್ಚುಕಡಿಮೆಯಾದರೂ ಬಣ್ಣದ ನಿಲುವು ಬದಲಾಗುತ್ತದೆ. ಲೂಯಿಸ್ ಕೆಲವಕ್ಕೆ ಅಂಚನ್ನು ಗುರುತಿಸಿದ್ದ. ಉಳಿದವಕ್ಕೆ ಮಾರ್ಸೆಲಾ, ಗ್ರೀನ್‌ಬರ್ಗ್, ಗ್ಯಾಲರಿಯವರು ಕೂಡಿ ನಿರ್ಧರಿಸಬೇಕಾಯಿತು. ಯಾವ ಬದಿ ಮೇಲೆ ಎಂಬುದರಲ್ಲೂ ಅನುಮಾನಗಳಿವೆ. ಹಲವು ಸ್ಟ್ರೈಪ್‌ಗಳಲ್ಲಿ ಪಟ್ಟೆಯ ದುಂಡನೆಯ ತುದಿ ಮೇಲಿರಬೇಕೋ ಕೆಳಗಿರಬೇಕೋ ಎಂಬ ಚರ್ಚೆ ನಡೆದಿದೆ. ಈ ಪ್ರಶ್ನೆಗಳ ಜೊತೆಗೆ ತಳಲೇಪವಿಲ್ಲದ ಹತ್ತಿಯ ಕಷ್ಟವೂ ಸೇರಿದೆ. ಧೂಳು, ಬೆಳಕು, ತೇವಗಳಿಗೆ ಅದು ಬಲುಬೇಗ ಬಣ್ಣಗೆಡುತ್ತದೆ. ಮುಟ್ಟಿದ ಕಲೆ ಹಾಗೇ ಉಳಿಯುತ್ತದೆ. ಅನ್‌ಫರ್ಲ್ಡ್ ಚಿತ್ರದ ನಡುವಿನ ಬಿಳುಪು ಹಳದಿಗೆ ತಿರುಗಿದರೆ ಎರಡು ದಡಗಳ ಬಣ್ಣವೂ ಸೋಲುವುದರಿಂದ, ಸಂರಕ್ಷಕರು ಬಣ್ಣವಿರುವ ಭಾಗಕ್ಕಿಂತ ಬಣ್ಣವಿಲ್ಲದ ಭಾಗವನ್ನು ಶುಚಿಯಾಗಿಡಲು ಹೆಚ್ಚು ಶ್ರಮಪಡಬೇಕಾಗಿದೆ. ಚಿತ್ರಗಳ ಹಕ್ಕುಸ್ವಾಮ್ಯ ಈಗ ಲೂಯಿಸ್ ಹುಡುಗನಾಗಿದ್ದಾಗ ಕಲಿತ ಬಾಲ್ಟಿಮೋರಿನ ಕಲಾಶಾಲೆಯ ಬಳಿ ಇದೆ.